ಬೈದವನಿಗೇ ಬೇಸ್ ಗಿಟಾರ್

ಮೂಡಿಗೆರೆ ಸೀಮೆಯಲ್ಲಿ ಯಾರೇ ಒಳ್ಳೆಯ ಬೇಸ್ ಗಿಟಾರ್ ಕೊಳ್ಳಲು ಹೊರಡಲಿ, ಮೊದಲು ವಿಶ್ವನಾಥನಿಗೆ ಒಂದು ಫೋನ್ ಹೋಗುತ್ತದೆ. ಹೆಣ್ಣು ನೋಡಲು ಹೋಗುವಾಗ ಸೋದರಮಾವನನ್ನು ಕರೆದೊಯ್ಯುತ್ತಾರಲ್ಲ, ಹಾಗೆ. ಬಸ್ ಸ್ಟ್ಯಾಂಡ್ ಹಿಂದಿನ ಅವನ ಬಣ್ಣದ ಅಂಗಡಿಯ ಮುಂದೆ ಪ್ಲಾಂಟರುಗಳ ಜೀಪು ಬಂದು ನಿಲ್ಲುತ್ತದೆ. ಅವನು ವಾರ್ನಿಷ್ ಡಬ್ಬ ಬದಿಗಿಟ್ಟು, ಕೈ ಒರೆಸಿಕೊಂಡು, ಗಿಟಾರನ್ನು ಎತ್ತಿಕೊಳ್ಳುತ್ತಾನೆ. ನುಡಿಸುವುದು ಆಮೇಲಿನ ಮಾತು. ಮೊದಲು ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡಿದಂತೆ, ಅದರ ಕುತ್ತಿಗೆಯ ಉದ್ದಕ್ಕೂ ನೋಡುತ್ತಾನೆ. ನೆಟ್ಟಗಿದೆಯೋ ಸೊಟ್ಟಗಿದೆಯೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ತೊಡೆಯ ಮೇಲಿಟ್ಟು ಕೈ ಬಿಡುತ್ತಾನೆ. ತಲೆಯ ಕಡೆ ಕೆಳಗೆ ವಾಲಿದರೆ ತೂಕ ಸಮ ಇಲ್ಲ. ಆಮೇಲೆ ಕುತ್ತಿಗೆಯ ಒಂದೊಂದು ಮೆಟ್ಟಿಲಲ್ಲೂ ತಂತಿ ಒತ್ತಿ ಮೀಟಿ, ಸದ್ದು ಎಲ್ಲಾದರೂ ಬೇಗ ಸಾಯುತ್ತದೆಯೇ ಎಂದು ಹುಡುಕುತ್ತಾನೆ. ಕಟ್ಟಕಡೆಗೆ, ಕರೆಂಟಿಗೂ ಜೋಡಿಸದೆ, ಗಿಟಾರಿನ ಮೇಲುಗಡೆಯ ಕೊಂಬನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ದಪ್ಪ ತಂತಿಯನ್ನು ಮೀಟುತ್ತಾನೆ. ಮರದ ದನಿ ದವಡೆಯ ಮೂಳೆಯಲ್ಲಿ ಹಾದು ಕಿವಿಗೆ ಬರುತ್ತದಂತೆ. ಕಾಫಿ ಬೀಜ ಒಣಗಿದೆಯೋ ಇಲ್ಲವೋ ಎಂದು ಕಚ್ಚಿ ನೋಡುವ ಊರು ಇದು; ಯಾರಿಗೂ ಅದು ವಿಚಿತ್ರ ಎನಿಸಿಲ್ಲ.

ಕಚ್ಚಿದ ಮೇಲೆ ಅವನು ಹೇಳುವ ಮಾತು ಮಾತ್ರ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮಲ್ಲಂದೂರಿನ ಪ್ಲಾಂಟರ್ ಬೆಳ್ಳಿಯಪ್ಪನವರು ಹೊರದೇಶದಿಂದ ತರಿಸಿದ ಗಿಟಾರನ್ನು ಊರಿಗೆಲ್ಲ ತೋರಿಸಿ, ಕೊನೆಗೆ ಇವನ ಮುಂದಿಟ್ಟಾಗ, "ಪೆಟ್ಟಿಗೆ ಭಾಳ ಚೆನ್ನಾಗಿದೆ ಸಾರ್. ಗಿಟಾರ್ ತೆಗೆದಿಟ್ಟು ಬಟ್ಟೆ ತುಂಬ್ಕೊಳ್ಳಿ" ಎಂದುಬಿಟ್ಟ. ಬೆಳ್ಳಿಯಪ್ಪನವರು ಅವತ್ತಿನಿಂದ ಅವನ ಅಂಗಡಿಗೆ ಕಾಲಿಡಲಿಲ್ಲ. ಎಸ್ಟೇಟಿನ ಗೇಟು ತುಕ್ಕು ಹಿಡಿದ ಮೇಲೂ ಬೇರೆ ಕಡೆಯೇ ಬಣ್ಣ ತಂದರು. ವಿಶ್ವನಾಥ ಸುಳ್ಳೇ ಹೇಳದ ಮನುಷ್ಯ ಎಂದು ಯಾರೂ ತಿಳಿಯಬೇಕಾಗಿಲ್ಲ. ಈ ಬಣ್ಣ ಎಂಥ ಮಳೆಗೂ ಜಗ್ಗುವುದಿಲ್ಲ ಎಂದು ದಿನಬೆಳಗಾದರೆ ಹೇಳುತ್ತಾನೆ. ಬೇಸ್ ಗಿಟಾರಿನ ವಿಷಯದಲ್ಲಿ ಮಾತ್ರ ಅವನ ನಾಲಿಗೆ ತಪ್ಪಿದ್ದನ್ನು ಯಾರೂ ಕೇಳಿರಲಿಲ್ಲ.

ಹಾಗಾದರೆ ಅವನದೇ ಗಿಟಾರ್ ಎಂಥದ್ದು? ಪ್ಲೈವುಡ್ಡಿನದು. ರಿಸೆಪ್ಷನ್‌ಗಳಲ್ಲಿ ನುಡಿಸುವ ಆರ್ಕೆಸ್ಟ್ರಾ ಸೇರಿದ ಹೊಸತರಲ್ಲಿ ಕೊಂಡದ್ದು. ಆರಿದ್ರಾ ಮಳೆ ಹಿಡಿಯಿತೆಂದರೆ ಅದರ ಕುತ್ತಿಗೆ ಬಿಲ್ಲಿನಂತೆ ಬಾಗುತ್ತದೆ. ಒಳಗಿನ ಕಬ್ಬಿಣದ ಸರಳನ್ನು ತಿರುಪಿ ನೆಟ್ಟಗೆ ಮಾಡುವಷ್ಟರಲ್ಲಿ ಪುನರ್ವಸು ಶುರುವಾಗಿ ಮತ್ತೆ ಬಾಗುತ್ತದೆ. ಬಿಸಿಲು ಬಂದರೆ ಹಿಂದಕ್ಕೆ ಬಾಗುತ್ತದೆ. "ಊರವರಿಗೆಲ್ಲ ಹೆಣ್ಣು ನೋಡಿ ಕೊಟ್ರಿ. ನಿಮ್ಮ ಹಣೆಬರಹಕ್ಕೆ ಈ ಗೂನುಬೆನ್ನಿನದೇ ಗತಿ" ಎಂದು ಹೆಂಡತಿ ಸುಪ್ರಿಯಾ ಗಲ್ಲಾದ ಹಿಂದೆ ಕೂತು ನಗುತ್ತಾಳೆ. ಅವನೂ ನಗುತ್ತಾನೆ. ಆದರೆ ಯಾರದೋ ಒಳ್ಳೆಯ ಗಿಟಾರನ್ನು ಕಚ್ಚಿ ನೋಡಿ ಹಿಂದಕ್ಕೆ ಕೊಟ್ಟ ದಿನ ಅವನಿಗೆ ಊಟ ಸೇರುವುದಿಲ್ಲ. ಸಾಯುವುದರೊಳಗೆ ಒಂದೇ ಒಂದು ನಿಜವಾದ ಬೇಸ್ ತನ್ನ ಕೈಯಲ್ಲಿ ಉಳಿಯಬೇಕು ಎಂಬುದು ಅವನ ಆಸೆ.

ಹೋದ ಮಾಘದಲ್ಲಿ ಗೋಣಿಬೀಡಿನ ಕಡೆಯಿಂದ ವಿಮಲಮ್ಮನವರ ಫೋನ್ ಬಂತು. ವಿಮಲಮ್ಮನವರು ಎಪ್ಪತ್ತು ದಾಟಿದ ಪ್ಲಾಂಟರು. ತೀರಿಹೋದ ಗಂಡ ಚನ್ನಕೇಶವ ಗೌಡರು ಹವ್ಯಾಸದ ಮನುಷ್ಯ. ತೋಟ ನೋಡಿಕೊಂಡದ್ದು, ಆಳುಕಾಳು ಸಂಭಾಳಿಸಿದ್ದು, ಕಾಫಿ ಮಾರಿದ್ದು ಎಲ್ಲ ಈಕೆಯೇ. ಹಿಂದೆ ಒಂದು ಸಲ ಕಾಫಿ ಬೆಲೆ ಆಕಾಶಕ್ಕೆ ಹೋಯಿತಲ್ಲ, ಆ ವರ್ಷ ಗೌಡರು ಬೆಂಗಳೂರಿಗೆ ಹೋಗಿ ಹೊರದೇಶದ ಬೇಸ್ ಗಿಟಾರ್ ತಂದರು. ಒಂದು ಬೇಸಿಗೆ ನುಡಿಸಿದರು. ಮಳೆಗಾಲಕ್ಕೆ ಜೇನು ಸಾಕುವ ಹುಚ್ಚು ಹಿಡಿಯಿತು, ಗಿಟಾರು ಅಟ್ಟ ಸೇರಿತು.

"ಅಟ್ಟ ಗುಡಿಸ್ತಾ ಇದೀವಿ ಮಾರಾಯ, ನಮ್ಮನೆಯವ್ರ ಗಿಟಾರ್ ಸಿಕ್ತು" ಎಂದರು ವಿಮಲಮ್ಮ. "ದೇವರಮನೆ ಗುಡ್ಡದ ಹತ್ರ ಹೋಂಸ್ಟೇ ಮಾಡಿದಾನಲ್ಲ ರಾಜೇಶ, ಅವನು ಗೋಡೆಗೆ ನೇತುಹಾಕಕ್ಕೆ ಕೊಡಿ ಅಂತಿದಾನೆ. ಎಷ್ಟು ಬಾಳುತ್ತೆ ಅಂತ ನೀನೊಂದ್ಸಲ ಬಂದು ನೋಡಿ ಹೇಳು."

ಗೋಡೆಗೆ ಎಂಬ ಮಾತು ಕೇಳಿದ್ದೇ ತಡ, ವಿಶ್ವನಾಥ ಅರ್ಧ ಕಲಸಿದ ಬಣ್ಣವನ್ನು ಹಾಗೇ ಬಿಟ್ಟು ಸ್ಕೂಟರ್ ಹತ್ತಿದ.

ಅವನು ಹೋದಾಗ ಕಣದಲ್ಲಿ ಕಾಫಿ ವ್ಯಾಪಾರಿ ಬಸವರಾಜು ಕುಕ್ಕರುಗಾಲಲ್ಲಿ ಕೂತು ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ಬಿಡುತ್ತಿದ್ದ. ತೇವ ಇದೆ ಅಂದ. ಬಣ್ಣ ಮಂಕು ಅಂದ. ಕಾಯಿಕೊರಕ ತಿಂದಿದೆ ಅಂದ. ವಿಮಲಮ್ಮ ಜಗಲಿಯ ಮೇಲೆ ಕೂತು ಹೂಂ, ಹೂಂ ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ, ತಾವು ಮೊದಲು ಹೇಳಿದ ರೇಟಿಗಿಂತ ಒಂದಿಷ್ಟು ಹೆಚ್ಚು ಹೇಳಿದರು. ಬಸವರಾಜು ತಲೆ ಕೆರೆದುಕೊಂಡು ಒಪ್ಪಿ, ಕಾಫಿ ಕುಡಿದು, ಲಾರಿ ಕಳಿಸುತ್ತೇನೆಂದು ಎದ್ದು ಹೋದ. ಇದು ಕಣ್ಣೆದುರೇ ನಡೆಯಿತು. ಬುದ್ಧಿಯಿದ್ದವನು ಅಲ್ಲೇ ಪಾಠ ಕಲಿಯಬೇಕಿತ್ತು. ಆದರೆ ವಿಶ್ವನಾಥನ ಕಣ್ಣೆಲ್ಲ ಜಗಲಿಯ ಮೂಲೆಯಲ್ಲಿದ್ದ ಕಪ್ಪು ಪೆಟ್ಟಿಗೆಯ ಮೇಲಿತ್ತು.

ಪೆಟ್ಟಿಗೆ ತೆರೆದರೆ ನುಸಿಗುಳಿಗೆಯ ವಾಸನೆ, ಒಣಮೆಣಸಿನ ಘಾಟು. ಒಳಗಡೆ ಬಟ್ಟೆಗೆಲ್ಲ ಬೂಷ್ಟು. ತಂತಿಗಳು ತುಕ್ಕು ಹಿಡಿದು ಕೆಂಪಗಾಗಿದ್ದವು. ವಿಶ್ವನಾಥ ಗಿಟಾರನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಕುತ್ತಿಗೆಯ ಉದ್ದಕ್ಕೂ ನೋಡಿದ. ಎಷ್ಟೋ ಮಳೆಗಾಲ ಅಟ್ಟದಲ್ಲಿ ಬಿದ್ದಿದ್ದ ಮರ ದಾರ ಹಿಡಿದಂತೆ ನೆಟ್ಟಗಿತ್ತು. ಐದು ಸೀಳು ಮರವನ್ನು ಎಳೆ ಒಂದಕ್ಕೊಂದು ಎದುರಾಗುವಂತೆ ಅಂಟಿಸಿ ಮಾಡಿದ ಕುತ್ತಿಗೆ. ಅದು ದೇಹಕ್ಕೆ ಕೂಡುವ ಕಡೆ ಕೂದಲು ತೂರಲೂ ಸಂದಿಲ್ಲ. ತೊಡೆಯ ಮೇಲಿಟ್ಟು ಕೈ ಬಿಟ್ಟ. ಅಲ್ಲಾಡಲಿಲ್ಲ. ಒಂದೊಂದೇ ಮೆಟ್ಟಿಲಲ್ಲಿ ಮೀಟಿದ. ತುಕ್ಕು ತಂತಿಯಲ್ಲೂ ಸದ್ದು ಎಲ್ಲೂ ಸಾಯಲಿಲ್ಲ. ಕೊನೆಗೆ ಕೊಂಬು ಕಚ್ಚಿ ದಪ್ಪ ತಂತಿ ಮೀಟಿದ. ಆ ದನಿ ದವಡೆಗೆ ಇಳಿದು, ಎದೆಗೆ ಇಳಿದು, ಕೂತ ಮಣೆಯವರೆಗೂ ಹೋಯಿತು. ಅವನಿಗೆ ಅಳು ಬಂದಂತಾಯಿತು. ಇಂಥದ್ದು ಹೋಂಸ್ಟೇ ಗೋಡೆಯಲ್ಲಿ, ಕೋಣದ ಕೊಂಬಿನ ಪಕ್ಕ ನೇತಾಡುವುದೇ?

"ಹೇಗಿದೆಯೋ?" ಎಂದರು ವಿಮಲಮ್ಮ.

ಅವನ ಆಯುಷ್ಯದಲ್ಲಿ ಮೊದಲ ಸಲ ಬೇಸ್ ಗಿಟಾರಿನ ವಿಷಯದಲ್ಲಿ ನಾಲಿಗೆ ತಪ್ಪಿತು. "ಏನಿಲ್ಲ ಅಮ್ಮ" ಎಂದ. "ಕುತ್ತಿಗೆ ಸೊಟ್ಟ. ತೂಕ ಸರಿ ಇಲ್ಲ. ಮರ ಒಳಗೆ ಲಡ್ಡು ಹಿಡಿದು ಪುಡಿಯಾಗಿದೆ. ನಾಲ್ಕೇ ತಂತಿ ಬೇರೆ, ಈಗೆಲ್ಲ ಐದು ಆರು ಬಂದಿದೆ. ಪಾಲಿಶ್ ಹೋಗಿದೆ. ಇದನ್ನ ಗೋಡೆಗೆ ಹಾಕಿದ್ರೆ ಗೋಡೆಗೂ ಹುಳ ಹಿಡಿಯುತ್ತೆ. ನಿಮಗೆ ಭಾರ ಆಗೋದು ಬೇಡ ಅಂತ ಬೇಕಾದ್ರೆ ನಾನೇ ತಗೊಂಡ್ ಹೋಗ್ತೀನಿ. ತಿರುಪು ಗಿರುಪು ಏನಾದ್ರೂ ಉಪಯೋಗಕ್ಕೆ ಬರುತ್ತೆ."

ವಿಮಲಮ್ಮ ಹೂಂ, ಹೂಂ ಎಂದು ಕೇಳಿಸಿಕೊಂಡರು. ಹಲಸಿನ ಹಪ್ಪಳದ ತಟ್ಟೆಯನ್ನು ಅವನ ಕಡೆ ತಳ್ಳಿದರು.

"ಇಷ್ಟು ಕೆಟ್ಟದ್ದನ್ನ ಎಂತಕ್ಕೆ ಮಾರಾಯ ಇನ್ನೂ ತೊಡೆ ಮೇಲೆ ಇಟ್ಕೊಂಡಿದೀಯ?"

ವಿಶ್ವನಾಥ ಕೆಳಗೆ ನೋಡಿದ. ಎರಡೂ ಕೈ ಗಿಟಾರನ್ನು ಮಗು ಹಿಡಿದಂತೆ ಹಿಡಿದಿದ್ದವು.

"ನೋಡು, ಗಿಟಾರ್ ನನಗೆ ಗೊತ್ತಿಲ್ಲ" ಎಂದರು ವಿಮಲಮ್ಮ. "ಕೊಳ್ಳೋರು ಗೊತ್ತು. ಜೀವಮಾನ ಎಲ್ಲ ಕಾಫಿ ಮಾರಿದೀನಿ. ಬೇಡದವನು ಹೊಗಳಿ, ಕಾಫಿ ಕುಡಿದು ಹೋಗ್ತಾನೆ. ಬೇಕಾದವನು ಬೈತಾನೆ. ರಾಜೇಶ ಬಂದು ಸೂಪರ್ ಆಂಟಿ, ಸೂಪರ್ ಆಂಟಿ ಅಂತ ಕುಣಿದ. ಅವನು ಕೊಳ್ಳೋ ಗಿರಾಕಿ ಅಲ್ಲ. ನೀನು ಬೈದ ಹಾಗೆ ಬಸವರಾಜೂನೂ ನನ್ನ ಕಾಫಿ ಬೈದಿಲ್ಲ. ಈಗ ನಿಜ ಹೇಳು."

ಸಿಕ್ಕಿಬಿದ್ದ ಮೇಲೆ ಇನ್ನೇನು. ನಾಚಿಕೆಯಿಂದ ಮುಖ ಕೆಂಪಗಾಗಿ, ಎಲ್ಲ ಹೇಳಿದ. ಇಂಥ ಕುತ್ತಿಗೆ ತಾನು ಕಂಡೇ ಇಲ್ಲ ಎಂದ. ಈ ಮಳೆಸೀಮೆಯಲ್ಲಿ ಇಷ್ಟು ವರ್ಷ ನೆಟ್ಟಗೆ ನಿಂತ ಮರಕ್ಕೆ ಬೇರೆ ಸರ್ಟಿಫಿಕೇಟು ಬೇಡ ಎಂದ. ತನ್ನ ಅಂಗಡಿಯ ಬಣ್ಣವನ್ನೆಲ್ಲ ಮಾರಿದರೂ ಇದರ ಬೆಲೆ ಹುಟ್ಟುವುದಿಲ್ಲ ಎಂದ.

"ಇಷ್ಟೊಂದು ಹೊಗಳ್ತಾ ಇದೀಯ ಅಂದ್ರೆ ನಿನಗೆ ಬೇಡ ಅಂತಾಯ್ತು" ಎಂದರು ವಿಮಲಮ್ಮ, ಪೆಟ್ಟಿಗೆ ಮುಚ್ಚಲು ಕೈ ಚಾಚಿ.

"ಅಯ್ಯೋ ಅಮ್ಮ, ಬೇಡ ಅಂತಲ್ಲ. ನನ್ನ ಕೈಯಲ್ಲಿ ಆಗಲ್ಲ ಅಂತ."

ವಿಮಲಮ್ಮ ಪೆಟ್ಟಿಗೆಯಿಂದ ಕೈ ಹಿಂದಕ್ಕೆ ತೆಗೆದರು. ಈ ಸೀಮೆಯಲ್ಲಿ ಒಂದು ರೂಢಿಯಿದೆ. ಬೆಳೆಗಾರರು ಕಾಫಿಯನ್ನು ವ್ಯಾಪಾರಿಯ ಗೋದಾಮಿಗೆ ಹಾಕಿ, ಬೆಲೆ ಮಾತ್ರ ಕಟ್ಟದೆ ಬಿಡುತ್ತಾರೆ. ತಮಗೆ ಮನಸ್ಸು ಬಂದ ದಿನ, ಅವತ್ತಿನ ರೇಟಿಗೆ ಕಟ್ಟುತ್ತಾರೆ. ಅದಕ್ಕೆ ಡಿಪಾಸಿಟ್ ಇಡುವುದು ಎನ್ನುತ್ತಾರೆ.

"ಡಿಪಾಸಿಟ್ ಅಂತ ನಿನ್ನ ಹತ್ರ ಇಟ್ಕೋ" ಎಂದರು. "ರೇಟ್ ನನಗೆ ಬೇಕಾದಾಗ ಕಟ್ತೀನಿ. ಆದ್ರೆ ಸುಳ್ಳು ಹೇಳಿದ್ದಕ್ಕೆ ತಪ್ಪುಕಾಣಿಕೆ ಕೊಡಬೇಕು. ಇವತ್ತು ಹೇಗೆ ಬೈದ್ಯೋ, ಇನ್ನು ಮುಂದೆ ಯಾರು ಕೇಳಿದ್ರೂ ಇದನ್ನ ಹಾಗೇ ಬೈತಿರಬೇಕು. ಯಾವತ್ತು ಹೊಗಳ್ತೀಯೋ ಅವತ್ತು ಬೇಡ ಅಂತಾಯ್ತು, ಜೀಪ್ ಕಳಿಸ್ತೀನಿ."

ಇಷ್ಟೇನಾ ಎಂದು ವಿಶ್ವನಾಥ ಗಿಟಾರನ್ನು ಸ್ಕೂಟರಿಗೆ ಕಟ್ಟಿಕೊಂಡು ಹಾರಿಕೊಂಡೇ ಮನೆಗೆ ಬಂದ. ಅದು ಎಂಥ ಶಿಕ್ಷೆ ಎಂದು ತಿಳಿಯಲು ಮಳೆಗಾಲ ಬರಬೇಕಾಯಿತು. ಆರಿದ್ರಾ ಹೊಡೆಯಿತು, ಪುನರ್ವಸು ಹೊಡೆಯಿತು, ಪುಷ್ಯದಲ್ಲಿ ಅಂಗಡಿಯ ಗೋಡೆಯೇ ಬೆವರಿತು. ಗಿಟಾರಿನ ಕುತ್ತಿಗೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಇದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ, ಹೇಳುವಂತಿಲ್ಲ. "ನಿಜ ಹೇಳಿ, ಚೆನ್ನಾಗಿದ್ಯಾ?" ಎಂದು ಸುಪ್ರಿಯಾ ಊಟ ಬಡಿಸುತ್ತಾ ಮೆಲ್ಲಗೆ ಕೇಳಿದಳು. "ಕೊರಡು" ಎಂದು ಅವನು ಕಿಟಕಿಯ ಕಡೆ ನೋಡಿದ. ಆದರೆ ಎರಡನೇ ಸಲ ಅನ್ನ ಹಾಕಿಸಿಕೊಂಡ, ಮೂರನೇ ಸಲವೂ ಹಾಕಿಸಿಕೊಂಡ. ಅವಳು ಮತ್ತೆ ಕೇಳಲಿಲ್ಲ. ವಿಮಲಮ್ಮ ಮಾತ್ರ ಕಾಫಿಗೆ ರೇಟು ಏರಿದಾಗೆಲ್ಲ ಫೋನ್ ಮಾಡಿ, "ಹೇಗಿದೆಯೋ, ಇವತ್ತು ಕಟ್ಟಿಬಿಡಲಾ?" ಎನ್ನುವರು. "ಭಾಳ ಕೆಟ್ಟದಮ್ಮ, ದಿನದಿನಕ್ಕೂ ಹಾಳಾಗ್ತಾ ಇದೆ" ಎಂದು ಇವನು ಬೆವರುವನು.

ಕಾರ್ತಿಕದಲ್ಲಿ ವಿಮಲಮ್ಮನವರ ಮೊಮ್ಮಗಳು ಧನ್ಯಾಳ ರಿಸೆಪ್ಷನ್. ಆರ್ಕೆಸ್ಟ್ರಾ ವಿಶ್ವನಾಥನ ತಂಡದ್ದೇ. ಹೊಸ ತಂತಿ ಹಾಕಿದ ಆ ಬೇಸ್ ದನಿ ತೆಗೆದಾಗ, ಯಾವತ್ತೂ ಬೇಸನ್ನು ಕಿವಿಗೆ ಹಾಕಿಕೊಳ್ಳದ ಜನ ಕೂಡ ತಟ್ಟೆಯಿಂದ ತಲೆ ಎತ್ತಿದರು. ಹಾಡು ಮುಗಿದದ್ದೇ ತಡ, ಬೆಳ್ಳಿಯಪ್ಪನವರು ಎದ್ದು ಸ್ಟೇಜಿನ ಹತ್ತಿರ ಬಂದರು. ಹಳೆಯ ಗಾಯ ಮರೆತಿರಲಿಲ್ಲ.

"ಏನಪ್ಪ ವಿಶ್ವನಾಥ, ನನ್ನದಕ್ಕೆ ಬಟ್ಟೆ ತುಂಬಿ ಅಂದಿದ್ದೆ. ನಿನ್ನದು ಹೇಗಿದೆ? ಎಲ್ಲರ ಮುಂದೆ ಹೇಳು. ಬೇಸ್ ವಿಷಯದಲ್ಲಿ ನೀನು ಸುಳ್ಳು ಹೇಳಲ್ವಲ್ಲ."

ಛತ್ರವೆಲ್ಲ ಇವನ ಕಡೆ ತಿರುಗಿತು. ಮುಂದಿನ ಸಾಲಿನಲ್ಲಿ ವಿಮಲಮ್ಮ ಹೋಳಿಗೆ ಮುರಿಯುವ ಕೈಯನ್ನು ಹಾಗೇ ನಿಲ್ಲಿಸಿ ನೋಡುತ್ತಿದ್ದರು. ಅವರ ಪಕ್ಕದಲ್ಲಿ ಸುಪ್ರಿಯಾ. ನಿಜ ಹೇಳಿದರೆ ಜನ ಹೌದೌದು ಎನ್ನುತ್ತಾರೆ, ಹೆಸರು ಉಳಿಯುತ್ತದೆ; ನಾಳೆ ಬೆಳಿಗ್ಗೆ ಜೀಪು ಬರುತ್ತದೆ. ಸುಳ್ಳು ಹೇಳಿದರೆ ಇಷ್ಟು ಕೇಳಿದ ಮೇಲೂ ಇದನ್ನು ಕೆಟ್ಟದೆಂದ ಕಿವುಡ ಎಂದು ಊರೇ ನಗುತ್ತದೆ.

ವಿಶ್ವನಾಥ ಗಿಟಾರಿನ ಕೊಂಬನ್ನು ಅಂಗೈಯಲ್ಲಿ ಸವರಿದ. ಕಣ್ಣು ತುಂಬಿ ಬಂತು, ತಡೆಯಲಿಲ್ಲ.

"ಇಷ್ಟು ದರಿದ್ರ ಗಿಟಾರು ನನ್ನ ಆಯುಷ್ಯದಲ್ಲೇ ಕಂಡಿಲ್ಲ ಸಾರ್" ಎಂದ. "ಕುತ್ತಿಗೆ ಸೊಟ್ಟ, ಮರ ಲಡ್ಡು, ದನಿಯೇ ಇಲ್ಲ. ಯಾರಿಗೂ ಬೇಡ ಇದು. ನನ್ನಂಥವನ ಹತ್ರಾನೇ ಬಿದ್ದಿರಲಿ."

ಬೆಳ್ಳಿಯಪ್ಪನವರು ಕಕ್ಕಾಬಿಕ್ಕಿಯಾದರು. ಯಾರೋ ಕಿಸಕ್ಕೆಂದರು. ವಿಮಲಮ್ಮ ಮುರಿದ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ, ಪಕ್ಕಕ್ಕೆ ಬಾಗಿ, ಸುಪ್ರಿಯಾಳಿಗೆ ಹೇಳಿದರು: "ನಿನ್ನ ಗಂಡನಿಗೆ ಅದು ಇನ್ನೂ ಬೇಕಂತೆ ಕಣೇ. ಇಟ್ಕೊಳ್ಳಲಿ."