ಬಂದರಿನ ಬಾಯಲ್ಲಿ ಕಾವಲು

ಪುತ್ತೂರಿನಲ್ಲಿ ಇತಿಹಾಸ ಕಲಿಸುವ ನನ್ನ ಅಕ್ಕನಿಗೆ ನೌಕಾಯುದ್ಧದ ಆಟದ ಹುಚ್ಚು. ಕೊಯಿಲದಲ್ಲಿ ಪಶುವೈದ್ಯೆಯಾಗಿರುವ ನಾನು ಭಾನುವಾರ ಅವಳ ಮನೆಗೆ ಹೋದರೆ ಊಟವಾದ ಮೇಲೆ ಮೇಜಿನ ಮೇಲೆ ಕಡಲಿನ ನಕ್ಷೆ ಹರಡಲೇಬೇಕು. ಒಬ್ಬರ ಹಡಗು ಇನ್ನೊಬ್ಬರಿಗೆ ಕಾಣದಂತೆ ನಡುವೆ ರಟ್ಟಿನ ಮರೆ. ಎರಡೂ ಕಡೆ ನೋಡಿ ತೀರ್ಪು ಹೇಳುವವರು ಭಾವ.

ಅಕ್ಕನಿಗೆ ಯಾವಾಗಲೂ ಜಲಾಂತರ್ಗಾಮಿಯೇ ಬೇಕು. ನನ್ನ ಸರಕು ಹಡಗನ್ನು ಮುಳುಗಿಸಿ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. ನೀರಿಗೆ ಬಿದ್ದವರನ್ನು ಎತ್ತಲು ನಾನು ಇನ್ನೊಂದು ಹಡಗು ಕಳಿಸುವವರೆಗೆ ಕಾದು ಅದನ್ನೂ ಮುಳುಗಿಸುತ್ತಿದ್ದಳು. ನಾನು ಮುಖ ಸಣ್ಣ ಮಾಡಿದರೆ, "ದನದ ಬಾಲ ಹಿಡ್ಕೊಂಡು ಕೊಯಿಲದಲ್ಲೇ ಇರು. ಇದೆಲ್ಲ ನಿನಗೆ ಆಗುದಲ್ಲ," ಎನ್ನುತ್ತಿದ್ದಳು.

ಒಂದು ಸಲ ನನ್ನ ಪಾಲಿಗೆ ಬಂದದ್ದು ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳು. ಬಂದರಿನಿಂದ ನಕ್ಷೆಯ ಮೂರು ಮನೆ ದಾಟಿದರೆ ಇಂಧನ ಸಾಲದು.

"ಅದರಿಂದ ಎಂತ ಆಗ್ತದೆ? ನೊಣ ಓಡಿಸ್ಬಹುದು," ಎಂದು ಅಕ್ಕ ನಕ್ಕಳು.

ನಾನು ಅವನ್ನು ದೂರ ಕಳಿಸಲೇ ಇಲ್ಲ. ಬಂದರಿನ ಬಾಯಲ್ಲೇ ಸರದಿಯಂತೆ ಸುತ್ತಿಸಿದೆ. ಅವುಗಳ ಕೆಳಗೆ ಒಂದು ಖಾಲಿ ಹಡಗನ್ನು ತೆವಳಲು ಬಿಟ್ಟೆ.

ಅಕ್ಕ ಹೊಡೆದಳು. ಹಡಗು ಹೋಯಿತು. ಎಂದಿನಂತೆ ಅವಳು ಅಲ್ಲೇ ಕಾದಳು. ನನ್ನ ವಿಮಾನ ಅವಳನ್ನು ಕಂಡಿತು, ಬಾಂಬು ಹಾಕಿತು. ಭಾವ ದಾಳ ಉರುಳಿಸಿ, "ಪೆಟ್ಟು ಬಿದ್ದಿದೆ. ಇನ್ನು ಓಡ್ಲಿಕ್ಕೆ ಆಗುದಿಲ್ಲ," ಎಂದರು.

ಇನ್ನೊಂದು ಬಾಂಬಿಗೆ ಮುಗಿಯುತ್ತಿತ್ತು. ನಾನು ಹಾಕಲಿಲ್ಲ. ಗಾಳಿಗಾಗಿ ಜಲಾಂತರ್ಗಾಮಿ ಮೇಲೆ ಬರಲು ನೋಡಿದಾಗಲೆಲ್ಲ ತಲೆಯ ಮೇಲೊಂದು ವಿಮಾನ ಇರುವಂತೆ ಮಾಡಿದೆ, ಅಷ್ಟೆ. ಅದು ಮತ್ತೆ ಮುಳುಗುತ್ತಿತ್ತು. ಪ್ರತಿ ಸರದಿಗೂ ಒಳಗೆ ಎಷ್ಟು ಮಂದಿ ಸತ್ತರೆಂದು ಭಾವ ಹೇಳಬೇಕಿತ್ತು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು.

"ಮುಗಿಸಿಬಿಡು ಮಾರಾಯ್ತಿ," ಎಂದಳು ಅಕ್ಕ.

"ನಂಗೆ ಅವಸರ ಇಲ್ಲ."

"ಇದೆಂತ ಆಟ?"

"ನೀನೇ ಕಲಿಸಿದ್ದು."

"ಸಾಕು ಇಬ್ಬರಿಗೂ. ಚಾ ತಣಿತಾ ಉಂಟು," ಎಂದರು ಭಾವ.

ನಾನು ನಿಲ್ಲಿಸಲಿಲ್ಲ. ಕೊನೆಯವನೂ ಸತ್ತನೆಂದು ಅವರ ಬಾಯಿಂದ ಹೇಳಿಸಿದ ಮೇಲೆಯೇ ಬಾಂಬು ಹಾಕಿದೆ. ಅಕ್ಕನ ಕಣ್ಣು ಕೆಂಪಾಗಿತ್ತು. ಅದನ್ನೇ ನೋಡುತ್ತ ಚಾ ಕುಡಿದೆ, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡೆ.

ಬಸ್ಸಿನಲ್ಲಿ ಕೊಯಿಲಕ್ಕೆ ಬರುವಷ್ಟು ಹೊತ್ತೂ ನನಗೆ ಖುಷಿಯಾಗಿಯೇ ಇತ್ತು. ಅಕ್ಕ ಈಗಲೂ ಊಟಕ್ಕೆ ಕರೆಯುತ್ತಾಳೆ, ಒತ್ತಾಯ ಮಾಡಿ ಬಡಿಸುತ್ತಾಳೆ. ನಕ್ಷೆ ಮಾತ್ರ ಕಪಾಟಿನಿಂದ ಹೊರಗೆ ಬರುವುದಿಲ್ಲ. ಎಲೆ ತೆಗೆಯುವಾಗ ನಾನು ಪ್ರತಿ ಸಲವೂ ಕೇಳುತ್ತೇನೆ, "ಆಡುವಾ ಅಕ್ಕ?"