ಕೆಂದನಿಗೆ ಎಣ್ಣೆ, ಅರ್ಧ ಗಂಟೆ ಮಾತು

ಅಪ್ಪಯ್ಯಣ್ಣನ ತಲೆಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಆದರೂ ಅವರು ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೊಬ್ಬರಿ ಎಣ್ಣೆ ಕೊಳ್ಳುತ್ತಿದ್ದರು. ಇದನ್ನು ನಾನು ಕಂಡದ್ದು ನಮ್ಮ ಲೇಔಟಿನ ಗೇಟಿನಾಚೆ ಇರುವ ಚಿನ್ನಸ್ವಾಮಿಯ ಅಂಗಡಿಯಲ್ಲಿ. ದೇವನಹಳ್ಳಿ ಕಡೆ ಅಡುಗೆಗೆ ಕಡಲೆಕಾಯಿ ಎಣ್ಣೆ. ಕೊಬ್ಬರಿ ಎಣ್ಣೆ ಏನಿದ್ದರೂ ತಲೆಗೆ. ಹಾಗಾಗಿ ಈ ಮನುಷ್ಯ ಅರವತ್ತೈದನೇ ವಯಸ್ಸಿನಲ್ಲಿ ಕೂದಲು ಬೆಳೆಸಲು ಹೊರಟಿದ್ದಾರೆ ಎಂಬ ತೀರ್ಮಾನಕ್ಕೆ ಬಂದುಬಿಟ್ಟೆ.

ನನ್ನ ನೆತ್ತಿಯೂ ಆಗ ರಾಜೀನಾಮೆ ಪತ್ರ ಬರೆಯುವ ಹಂತದಲ್ಲಿತ್ತು. ಆದ್ದರಿಂದ ಅವರ ಪ್ರಯೋಗದ ಫಲಿತಾಂಶದಲ್ಲಿ ನನಗೆ ಸ್ವಂತ ಆಸಕ್ತಿ. ಅಪ್ಪಯ್ಯಣ್ಣ ನಮ್ಮ ಲೇಔಟಿನ ವಾಚ್‌ಮನ್. ದಿನಾ ಬೆಳಿಗ್ಗೆ ಗೇಟಿನ ಬಳಿ ಸ್ಕೂಟರ್ ನಿಧಾನ ಮಾಡುತ್ತಿದ್ದೆ. ಅವರು ನನ್ನ ಮುಖ ನೋಡಿ ನಮಸ್ಕಾರ ಹೇಳುತ್ತಿದ್ದರು, ನಾನು ಅವರ ತಲೆ ನೋಡಿ ನಮಸ್ಕಾರ ಹೇಳುತ್ತಿದ್ದೆ. ನಾಲ್ಕು ತಿಂಗಳಾದರೂ ಏನೂ ಮೊಳೆಯಲಿಲ್ಲ. ಕೊನೆಗೆ ಅವರೇ ಕೇಳಿದರು.

“ಯಾಕ್ ಸಾ, ನನ್ ತಲೆ ಮೇಲೆ ಕಾಗೆ ಕೂತಿರ್ತದಾ?”

ನಾನು ಸಂಕೋಚದಿಂದ ನನ್ನ ಅನುಮಾನ ಒಪ್ಪಿಸಿದೆ. ಅವರು ನಗಲಿಲ್ಲ. “ಬನ್ನಿ” ಎಂದು ತಮ್ಮ ಶೀಟಿನ ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಹೊಂಗೆಮರದ ನೆರಳಿನಲ್ಲಿ ಗೋಣಿಚೀಲದ ಮೇಲೆ ದೊಡ್ಡ ನಾಯಿಯೊಂದು ಮಲಗಿತ್ತು. ಮೈತುಂಬ ಕೆಂಬಣ್ಣದ ಉದ್ದ ಕೂದಲು, ಹೊಸದಾಗಿ ಒಗೆದು ಇಸ್ತ್ರಿ ಮಾಡಿದಂತೆ.

“ಎಣ್ಣೆ ಇವನಿಗೆ. ಕೆಂದ ಅಂತ ಹೆಸ್ರು. ಅವರಿಟ್ಟಿರೋ ಹೆಸ್ರು ಬೇರೆ ಐತೆ, ನಂಗೆ ಬಾಯಿ ತಿರುಗಲ್ಲ.”

ಅವರಿಟ್ಟ ಹೆಸರು ಆಸ್ಕರ್. ಅವರೆಂದರೆ ಹದಿನಾಲ್ಕನೇ ನಂಬರ್ ಮನೆಯ ಅಶೋಕ್ ಮತ್ತು ಸಂಸಾರ. ಕಂಪನಿ ಅವರನ್ನು ಪುಣೆಗೆ ವರ್ಗ ಮಾಡಿತು. ಅಲ್ಲಿ ಸಿಕ್ಕ ಬಾಡಿಗೆ ಮನೆಯಲ್ಲಿ ನಾಯಿಗೆ ಜಾಗವಿರಲಿಲ್ಲ. “ಎರಡೇ ತಿಂಗಳು ಅಪ್ಪಯ್ಯಣ್ಣ, ಬೇರೆ ಮನೆ ಸಿಕ್ಕಿದ ತಕ್ಷಣ ಬಂದು ಕರ್ಕೊಂಡ್ ಹೋಗ್ತೀವಿ” ಎಂದು ಹೇಳಿ, ನಾಯಿ, ನಾಯಿಯ ಬಾಚಣಿಗೆ, ಒಂದು ಮೂಟೆ ಆಹಾರ ಮತ್ತು ಇಂಗ್ಲಿಷಿನಲ್ಲಿ ಅಚ್ಚು ಮಾಡಿದ ಎರಡು ಪುಟದ ಸೂಚನೆಗಳನ್ನು ಗೇಟಿನಲ್ಲಿ ಇಳಿಸಿ ಹೋದರು. ಸೂಚನೆಗಳನ್ನು ಅಪ್ಪಯ್ಯಣ್ಣ ಭದ್ರವಾಗಿ ಮಡಚಿ ಕ್ಯಾಲೆಂಡರಿನ ಹಿಂದೆ ಇಟ್ಟರು. ಇಂಗ್ಲಿಷ್ ಅವರಿಗೆ ಬಾರದು.

ಮೂಟೆ ಮುಗಿಯಿತು, ಎರಡು ತಿಂಗಳೂ ಮುಗಿಯಿತು. ಮೊದಮೊದಲು ಭಾನುವಾರ ಫೋನ್ ಬರುತ್ತಿತ್ತು. ಅಶೋಕ್ ಅವರ ಮಗಳು ಅಕ್ಷತ ಫೋನಿನ ಪರದೆಯೊಳಗಿಂದ “ಆಸ್ಕರ್! ಆಸ್ಕರ್!” ಎಂದು ಕೂಗುತ್ತಿದ್ದಳು, ನಾಯಿ ಫೋನಿನ ಹಿಂಭಾಗವನ್ನು ಮೂಸುತ್ತಿತ್ತು. ಆಮೇಲೆ ಫೋನೂ ನಿಂತಿತು. ಅಷ್ಟರಲ್ಲಿ ನಾಯಿಯ ಕೂದಲು ಉದುರಲು ಶುರುವಾಗಿತ್ತು. ಚರ್ಮ ಒಣಗಿ ಹೊಟ್ಟಿನಂತೆ ಏಳುತ್ತಿತ್ತು. ಕೆರೆದು ಕೆರೆದು ಕಿವಿಯ ಹಿಂದೆ ಹುಣ್ಣಾಯಿತು. ಏಸಿಯಲ್ಲಿ ಬೆಳೆದ ಪ್ರಾಣಿ, ಶೀಟಿನ ಕೆಳಗೆ ಬದುಕಲು ಗೊತ್ತಿಲ್ಲದೆ ಒದ್ದಾಡಿತು.

ಅಪ್ಪಯ್ಯಣ್ಣ ಅದನ್ನು ಯಾರದೋ ಟೆಂಪೋದಲ್ಲಿ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದರು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಹುಣ್ಣಿಗೆ ಮುಲಾಮು ಕೊಟ್ಟರು. “ಎಣ್ಣೆಯಿಂದ ಹುಣ್ಣು ವಾಸಿಯಾಗಲ್ಲ, ಅದಕ್ಕೆ ಮುಲಾಮೇ ಹಾಕಿ. ಒಣ ಚರ್ಮಕ್ಕೆ ಬೇಕಾದರೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ” ಎಂದರು. ಅಪ್ಪಯ್ಯಣ್ಣನ ಕಿವಿಗೆ ಕೊಬ್ಬರಿ ಎಣ್ಣೆ ಬಿತ್ತು, ತೆಳ್ಳಗೆ ಎಂಬುದು ಬೀಳಲಿಲ್ಲ.

ಬೀಳುವುದಾದರೂ ಹೇಗೆ? ಅವರು ನಲವತ್ತು ವರ್ಷ ಹಳ್ಳಿಕಾರ್ ಎತ್ತುಗಳನ್ನು ಸಾಕಿದವರು. ಘಾಟಿಯ ದನದ ಪರಿಷೆಗೆ ಜೋಡಿ ಹೊಡೆದುಕೊಂಡು ಹೋಗುವ ಮುನ್ನ ಕೊಂಬಿಗೆ, ಗೊರಸಿಗೆ, ನೊಗ ಉಜ್ಜಿದ ಹೆಗಲಿಗೆ ಎಣ್ಣೆ ಸುರಿದು ತಿಕ್ಕಿದ ಕೈ ಅದು. ಎತ್ತಿನ ಅಳತೆಯಲ್ಲೇ ನಾಯಿಯ ಬೆನ್ನಿಗೆ ಅರ್ಧ ಲೀಟರ್ ಸುರಿದರು. ನಾಯಿ ಒಂದು ಗಂಟೆ ಕೂತು, ತಲೆಯಿಂದ ಬಾಲದವರೆಗೆ, ಅಷ್ಟನ್ನೂ ನೆಕ್ಕಿ ಚೊಕ್ಕಟ ಮಾಡಿತು.

“ಎತ್ತಿನ ನಾಲಿಗೆ ಮೈಯೆಲ್ಲಾ ಓಡಾಡಲ್ಲ ಸಾ. ಇವನ ನಾಲಿಗೆ ಹೋಗ್ದೇ ಇರೋ ಜಾಗ್ವೇ ಇಲ್ಲ.”

ಎರಡು ದಿನ ನಾಯಿಗೆ ಭೇದಿ. ಲೇಔಟಿನಲ್ಲಿ ನಲವತ್ತು ಮನೆಗಳಿದ್ದರೂ ಅದು ಆರಿಸಿಕೊಂಡದ್ದು ಗೋಪಾಲಪ್ಪನವರ ಮನೆಯ ಮುಂದಿನ ಹುಲ್ಲುಹಾಸು. ಗೋಪಾಲಪ್ಪನವರು ನಮ್ಮ ಅಸೋಸಿಯೇಷನ್ ಅಧ್ಯಕ್ಷರು. ನಿವೃತ್ತರಾಗಿ ಆರು ವರ್ಷವಾದರೂ ಇಲಾಖೆ ಇನ್ನೂ ತಮ್ಮನ್ನು ಕೇಳಿಯೇ ನಡೆಯುತ್ತಿದೆ ಎಂದು ನಂಬಿದವರು. ಮರುದಿನವೇ ಗೇಟಿನಲ್ಲಿ ಫಲಕ ಬಿತ್ತು: ‘ಸಾರ್ವಜನಿಕ ಜಾಗಗಳಲ್ಲಿ ಸಾಕುಪ್ರಾಣಿಗಳಿಗೆ ತೈಲಾಭ್ಯಂಜನ ಮಾಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.’ ನಾನೂ ದಿನಾ ಅದನ್ನು ದಾಟುತ್ತಿದ್ದೆ, ಅಪ್ಪಯ್ಯಣ್ಣನ ಎಣ್ಣೆಗೂ ಅದಕ್ಕೂ ನಂಟಿದೆಯೆಂದು ಹೊಳೆದಿರಲಿಲ್ಲ. ಪಾರ್ಸಲ್ ತಂದ ಹುಡುಗನೊಬ್ಬ ಫಲಕವನ್ನು ಎರಡು ಸಲ ಓದಿ, ತೈಲಾಭ್ಯಂಜನ ಯಾವ ಬ್ಲಾಕು ಎಂದು ಕೇಳಿದನಂತೆ.

ಅಪ್ಪಯ್ಯಣ್ಣ ಶೀಟಿನ ಮನೆಯ ಹಿಂದಕ್ಕೆ ಸರಿದರು, ಪದ್ಧತಿಯನ್ನೂ ಬದಲಾಯಿಸಿದರು. ಸಂಜೆ ನಾಲ್ಕಕ್ಕೆ ಇನ್ನೊಬ್ಬ ವಾಚ್‌ಮನ್ ಬಂದ ಮೇಲೆ ಎಣ್ಣೆ. ಚಳಿಗಾಲದಲ್ಲಿ ಗಟ್ಟಿಯಾದ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಬೇಕು. ಅಂಗೈಗೆ ನಾಲ್ಕೇ ಹನಿ. ಎರಡೂ ಕೈ ಉಜ್ಜಿ ಬೆಚ್ಚಗಾದ ಮೇಲೆ ಮೊದಲು ಕೂದಲಿನ ಎದುರು ದಿಕ್ಕಿಗೆ ತಿಕ್ಕಬೇಕು, ಆಗ ಚರ್ಮಕ್ಕೆ ತಾಗುತ್ತದೆ. ಆಮೇಲೆ ಕೂದಲು ಮಲಗಿದ ದಿಕ್ಕಿಗೆ. ಮೊಣಕೈ, ಕಿವಿಯ ಅಂಚು, ಬಿರಿದ ಪಾದ. ಅದಾದ ಮೇಲೆ ಅರ್ಧ ಗಂಟೆ ನಾಯಿ ಮೈ ನೆಕ್ಕದಂತೆ ತಡೆಯಬೇಕು.

“ಬಾಯಿಗೆ ಪಟ್ಟಿ ಕಟ್ಟಬಹುದಲ್ಲ?” ಎಂದೆ.

“ಎತ್ತಿಗೇ ಕಟ್ಟಿದೋನಲ್ಲ ನಾನು. ಮಾತಾಡಿಸ್ತೀನಿ. ಮಾತಾಡ್ತಿದ್ರೆ ಮುಖ ನೋಡ್ಕೊಂಡು ಕೂತಿರ್ತಾನೆ. ನಿಲ್ಸಿದ್ರೆ ನೆಕ್ಕಾಕೆ ಶುರು ಮಾಡ್ತಾನೆ.”

ಇದನ್ನು ಅವರು ಚಿಕಿತ್ಸೆಯ ಒಂದು ಹಂತವೆಂಬಂತೆ ಹೇಳಿದರು. ಆದರೆ ಅಪ್ಪಯ್ಯಣ್ಣನ ಬದುಕು ಗೊತ್ತಿದ್ದವರಿಗೆ ಅದು ಎಷ್ಟು ಕಷ್ಟದ ಹಂತವೆಂದು ತಿಳಿಯುತ್ತದೆ. ಜಮೀನು ಏರ್‌ಪೋರ್ಟಿಗೆ ಹೋದ ಮೇಲೆ ಎತ್ತುಗಳು ಹೋದವು. ವಿಮಾನ ಇಳಿಯಲು ಶುರುವಾದ ವರ್ಷವೇ ಹೆಂಡತಿ ದ್ಯಾವಮ್ಮ ಜ್ವರದಲ್ಲಿ ತೀರಿಕೊಂಡರು. ಮಕ್ಕಳಿಲ್ಲ. ಊರವರು ಒಬ್ಬೊಬ್ಬರು ಒಂದೊಂದು ಕಡೆ ಮನೆ ಕಟ್ಟಿಕೊಂಡರು. ಗೇಟಿನಲ್ಲಿ ಅವರು ದಿನವಿಡೀ ಆಡುತ್ತಿದ್ದದ್ದು ಮೂರೇ ಮಾತು: ‘ಬನ್ನಿ ಸಾ’, ‘ಹೆಸ್ರು ಬರೀರಿ’, ‘ಯಾವ ಮನೆ?’ ನಾವೆಲ್ಲ ಅವರಿಗೆ ಆಡುತ್ತಿದ್ದದ್ದು ಅದಕ್ಕಿಂತ ಕಡಿಮೆ, ಬರೀ ಹಾರನ್.

“ಮೊದಲ್ನೇ ದಿನ ಮೂರೇ ನಿಮಿಷಕ್ಕೆ ಮಾತು ಖಾಲಿ ಆಗೋಯ್ತು ಸಾ. ಏನ್ ಹೇಳಾದು ಇದಕ್ಕೆ? ವಿಸಿಟರ್ ಬುಕ್ ತಂದು ಕನ್ನಡದಾಗೆ ಬರ್ದಿದ್ದೋರ ಹೆಸ್ರೆಲ್ಲಾ ಓದ್ದೆ.”

ಒಂದು ವಾರ ವಿಸಿಟರ್ ಬುಕ್ ಓದಿದರಂತೆ. ಆಮೇಲೆ ಎತ್ತುಗಳ ಕಥೆ ಬಂತು. ಅದಾದ ಮೇಲೆ ಉಳಿದದ್ದೆಲ್ಲ. ಒಂದು ಸಂಜೆ ನಾನು ಗೋಡೆಯ ಈಚೆ ನಿಂತು ಕೇಳಿದ್ದೇನೆ. ಕೇಳಬಾರದಿತ್ತು.

“ಲೇ ಕೆಂದ, ಇತ್ತಾಗ್ ನೋಡ್ಲಾ. ಅಲ್ಲಿ ಇಳೀತಾ ಐತಲ್ಲ, ಅದು ಇಳಿಯೋದು ನಮ್ಮ ಹುರುಳಿ ಹೊಲದಾಗೆ. ಅಲ್ಲಿ ಒಂದ್ ಹುಣಸೇಮರ ಇತ್ತು...”

ವಿಮಾನವೊಂದು ತಲೆಯ ಮೇಲೆ ಹೋಯಿತು. ಸದ್ದು ಇಳಿಯುವವರೆಗೆ ಕಾದು, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದರು.

“...ಅದರ ಬುಡದಾಗೆ ದ್ಯಾವಮ್ಮ ಬುತ್ತಿ ಇಕ್ಕೋಳು. ಅವ್ಳು ಇದ್ದಿದ್ರೆ ನಿನ್ನ ಹೊಸ್ಲು ದಾಟಾಕೆ ಬಿಡ್ತಿರ್ಲಿಲ್ಲ ಕಣಪ್ಪಾ. ನನ್ನೇ ಕಾಲ್ ತೊಳೀದೆ ಒಳಕ್ಕೆ ಬಿಡ್ತಿರ್ಲಿಲ್ಲ. ಏಯ್, ನೆಕ್ಬೇಡ! ಇನ್ನೂ ಕೇಳು.”

ನಾಲ್ಕು ತಿಂಗಳಲ್ಲಿ ಕೂದಲು ಪೂರ್ತಿ ಬಂದಿತ್ತು. ಮುಲಾಮಿನ ಕೆಲಸವೆಷ್ಟು, ಎಣ್ಣೆಯದೆಷ್ಟು ಎಂದು ಡಾಕ್ಟರನ್ನು ಕೇಳಿದರೆ ಅವರು ಮುಲಾಮಿನ ಕಡೆಗೇ ಮತ ಹಾಕುತ್ತಿದ್ದರು. ಅಪ್ಪಯ್ಯಣ್ಣ ಆ ವಿಚಾರಕ್ಕೆ ಹೋಗಲಿಲ್ಲ. ದಿನಾ ಹಚ್ಚುವ ಅಗತ್ಯವೂ ಈಗ ಇರಲಿಲ್ಲ. ಆದರೂ ದಿನಾ ಹಚ್ಚುತ್ತಿದ್ದರು. ಎಣ್ಣೆ ಹಚ್ಚದೆ ಸುಮ್ಮನೆ ನಾಯಿಯೊಂದಿಗೆ ಕೂತು ಮಾತಾಡುವುದು ಅವರಿಗೆ ನಾಚಿಕೆ ಎನಿಸುತ್ತಿತ್ತೆಂದು ನನ್ನ ಊಹೆ.

“ಅವರು ಬಂದು ಕೇಳಿದ್ರೆ ಏನ್ಮಾಡ್ತೀರಿ?” ಎಂದು ಒಮ್ಮೆ ಕೇಳಿದೆ.

“ಕೊಡ್ತೀನಿ. ಅವರ ನಾಯಿ.”

“ಬರದೇ ಇದ್ರೆ?”

ಕೆಂದನ ಕಿವಿ ಮಡಚಿ, ಒಳಗೆ ಏನೋ ಇರುವಂತೆ ಬಹಳ ಹೊತ್ತು ನೋಡಿದರು.

ಈಗ ನನ್ನ ಪಾಪದ ಭಾಗ. ಕೆಂದನ ಹೊಳಪು ನೋಡಿ ನನಗೆ, ಅದನ್ನೇನೋ ನಾನೇ ತಿಕ್ಕಿದಂತೆ, ಹೆಮ್ಮೆ ಬಂತು. ಒಂದು ಫೋಟೋ ತೆಗೆದು, ‘ನಮ್ಮ ಹಿರಿಯರ ಜ್ಞಾನದ ಮುಂದೆ ಯಾವ ಶಾಂಪೂ?’ ಎಂದು ತಲೆಬರಹ ಕೊಟ್ಟು ಲೇಔಟಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೂವತ್ತೊಂದು ಜನ ಹೆಬ್ಬೆರಳು ತೋರಿಸಿದರು. ಮೂವತ್ತೆರಡನೆಯವರು ಅಶೋಕ್. ಊರು ಬಿಟ್ಟರೂ ಗುಂಪು ಬಿಟ್ಟಿರಲಿಲ್ಲ. ‘ಅರೆ, ನಮ್ಮ ಆಸ್ಕರ್! ಅಕ್ಷತ ಅಳ್ತಿದಾಳೆ. ಮುಂದಿನ ತಿಂಗಳು ಬೆಂಗಳೂರಿಗೇ ವಾಪಸ್, ಹೆಬ್ಬಾಳದಲ್ಲಿ ಮನೆ ಸಿಕ್ಕಿದೆ. ಬಂದು ಕರ್ಕೊಂಡ್ ಹೋಗ್ತೀವಿ.’

ನಾನು ಆ ಸಂದೇಶವನ್ನು ಅಪ್ಪಯ್ಯಣ್ಣನಿಗೆ ಓದಿ ಹೇಳಿದೆ. “ಒಳ್ಳೇದಾಯ್ತು” ಎಂದರು.

ಅವರು ಬಂದದ್ದು ಒಂದು ಭಾನುವಾರ ನಾಲ್ಕೂಕಾಲಕ್ಕೆ. ಅಪ್ಪಯ್ಯಣ್ಣ ಎಣ್ಣೆ ಹಚ್ಚಿ ಆಗಷ್ಟೇ ಕೈ ಒರೆಸಿಕೊಳ್ಳುತ್ತಿದ್ದರು. ಕಾರಿನಿಂದ ಇಳಿದ ಅಕ್ಷತಳನ್ನು ಕಂಡು ಕೆಂದ ಬಾಲ ಆಡಿಸಿದ. ಗುರುತು ಹಿಡಿದ. ಅವಳು ತಬ್ಬಿಕೊಂಡು, “ಅಪ್ಪಾ, ಇವ್ನು ಅಜ್ಜಿ ಥರ ವಾಸ್ನೆ!” ಎಂದಳು. ಗೋಪಾಲಪ್ಪನವರೂ ಬಂದರು, ಅಧ್ಯಕ್ಷರಿಲ್ಲದೆ ಹಸ್ತಾಂತರ ಹೇಗಾದೀತು?

“ಹಗ್ಗ ಹಿಡ್ಕೊಂಡು ಕಾರಿಗೆ ಹತ್ತಿಸ್ಲಾ?” ಎಂದರು ಅಶೋಕ್.

ಅಪ್ಪಯ್ಯಣ್ಣ ನಾಯಿಯ ಕೊರಳಿನ ಹಗ್ಗ ಹಿಡಿದೇ ನಿಂತಿದ್ದರು. “ಹಗ್ಗ ತಂದಿದೀರಾ?”

“ಇದೆಯಲ್ಲ, ಕೊರಳಲ್ಲಿ?”

“ಇದು ಕೊಡಾಕಾಗಲ್ಲ ಸಾ.”

ಗೋಪಾಲಪ್ಪನವರು ಗಂಟಲು ಸರಿಮಾಡಿಕೊಂಡರು. “ಅಪ್ಪಯ್ಯಣ್ಣ, ನಾಯಿ ಅವರದು. ತಕರಾರು ಬೇಡ. ಹಗ್ಗದ ಬಾಬ್ತು ಅಸೋಸಿಯೇಷನ್ ಭರಿಸುತ್ತೆ.”

ಅಶೋಕ್ ಮುಖವೂ ಬಿಗಿಯಾಯಿತು. ವಾಚ್‌ಮನ್ ನಾಯಿ ಬಿಡಲು ಒಲ್ಲೆ ಎನ್ನುತ್ತಿದ್ದಾನೆ ಎಂದೇ ಎಲ್ಲರೂ ಭಾವಿಸಿದ್ದೆವು. ನಾನೂ ಹಾಗೇ ಭಾವಿಸಿ, ಒಳಗೊಳಗೆ ಸಂತೋಷಪಟ್ಟೆ.

“ತಕರಾರಲ್ಲ ಬುದ್ಧಿ,” ಎಂದರು ಅಪ್ಪಯ್ಯಣ್ಣ. “ನಮ್ ಕಡೆ ದನ ಕೊಡೋನು ಹಗ್ಗ ಕೊಡಲ್ಲ. ತಗೊಂಡು ಹೋಗೋರು ಹೊಸ ಹಗ್ಗ ತರ್ಬೇಕು. ಚಿನ್ನಸ್ವಾಮಿ ಅಂಗ್ಡೀಲಿ ಸಿಗ್ತದೆ. ಹೋಗ್ಬನ್ನಿ, ಅಷ್ಟೊತ್ಗೆ ಎಣ್ಣೆ ಇಳೀತದೆ.”

ಅಶೋಕ್ ಬಿಳಿ ಶೂ ಹಾಕಿಕೊಂಡು ಧೂಳಿನಲ್ಲಿ ಅಂಗಡಿಗೆ ನಡೆದರು. ಅಪ್ಪಯ್ಯಣ್ಣ ಕುಕ್ಕರಗಾಲಿನಲ್ಲಿ ಕೂತರು. ಕೆಂದ ಎಂದಿನಂತೆ ಎದುರಿಗೆ ಕೂತು, ಕತ್ತು ಓರೆ ಮಾಡಿ, ಮುಖ ನೋಡತೊಡಗಿದ. ಅಕ್ಷತ, ಗೋಪಾಲಪ್ಪನವರು, ನಾನು ಸುತ್ತ ನಿಂತಿದ್ದೆವು. ಅಪ್ಪಯ್ಯಣ್ಣ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಕೆಂದ ಕತ್ತನ್ನು ಇನ್ನೊಂದು ಕಡೆ ಓರೆ ಮಾಡಿ ಕಾದ. ಆಮೇಲೆ, ಇವತ್ತು ಕಥೆಯಿಲ್ಲವೆಂದು ಗೊತ್ತಾಗಿ, ಮುಂಗಾಲು ಚಾಚಿ ಮಲಗಿ ಮೈ ನೆಕ್ಕಲು ಶುರು ಮಾಡಿದ. ಅಪ್ಪಯ್ಯಣ್ಣ ತಡೆಯಲಿಲ್ಲ. ಹಗ್ಗ ಬರುವಷ್ಟರಲ್ಲಿ ಅಷ್ಟೂ ಎಣ್ಣೆ ಹೊಟ್ಟೆ ಸೇರಿತ್ತು.

ಹಸಿರು ನೈಲಾನ್ ಹಗ್ಗ ಬಂತು. ಹಳೆಯದನ್ನು ಬಿಚ್ಚಿದರು, ಹೊಸದನ್ನು ಅಶೋಕ್ ಕೈಯಿಂದಲೇ ಕಟ್ಟಿಸಿದರು. ಉಳಿದ ಎಣ್ಣೆಯ ಬಾಟಲಿಯನ್ನು ಅಕ್ಷತಳಿಗೆ ಕೊಟ್ಟರು. ಕಾರು ಹೊರಟಾಗ ಕೆಂದ ತಿರುಗಿ ನೋಡಿದನೆಂದು ಬರೆಯಲು ನನಗೆ ಆಸೆ. ಅವನು ಕಿಟಕಿಯಿಂದ ಮೂತಿ ಹೊರಹಾಕಿ ಮುಂದಿನ ರಸ್ತೆ ನೋಡುತ್ತಿದ್ದ.

“ನಾಳೆ ಹೊಟ್ಟೆ ಕೆಡ್ತದೆ!” ಎಂದು ಅಪ್ಪಯ್ಯಣ್ಣ ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿದರು. “ಮೊಸರನ್ನ ಹಾಕಿ! ಬೇರೇನೂ ಹಾಕ್ಬೇಡಿ!”

ಅಶೋಕ್ ಕಡೆಯ ಗಾಜು ಏರಿತ್ತು. ಕೇಳಿಸಿತೋ ಇಲ್ಲವೋ.

ಹದಿನೈದು ದಿನ ನಾನು ಹೊಂಗೆಮರದ ಕಡೆ ಹೋಗಲಿಲ್ಲ. ಗೇಟಿನಲ್ಲಿ ಅವರು ‘ಬನ್ನಿ ಸಾ’ ಎನ್ನುತ್ತಿದ್ದರು, ನಾನು ತಲೆ ತಗ್ಗಿಸಿ ದಾಟುತ್ತಿದ್ದೆ. ಒಂದು ಸಂಜೆ ಧೈರ್ಯ ಮಾಡಿ ಶೀಟಿನ ಮನೆಯ ಹಿಂದಕ್ಕೆ ಹೋದೆ. ಹೊಂಗೆಮರದ ಕೆಳಗೆ ಅವರು ಒಬ್ಬರೇ ಕೂತಿದ್ದರು. ಗೋಣಿಚೀಲವನ್ನು ಒಗೆದು ಒಣಹಾಕಿದ್ದರು. ನನಗೊಂದು ಇಟ್ಟಿಗೆ ಸರಿಸಿದರು. ಕೂತೆ. ಎರಡು ವಿಮಾನ ಇಳಿದವು. ವಾಟ್ಸಾಪಿಗೆ ಅಷ್ಟುದ್ದ ಬರೆಯುವ ನನಗೆ ಕ್ಷಮೆ ಕೇಳಲು ಒಂದು ವಾಕ್ಯ ಹೊಳೆಯಲಿಲ್ಲ. ಬದಲಿಗೆ ಬಾಯಿಂದ ಬಂದದ್ದು ಇದು:

“ಅಪ್ಪಯ್ಯಣ್ಣ, ಕೆಂದ ಇಲ್ದೆ ಒಬ್ಬರೇ ಇರೋದು ಬೇಜಾರಾಗಲ್ವಾ?”

ಅವರು ನನ್ನ ಕಡೆ ತಿರುಗಿ ನೋಡಿದರು.

“ಆಗ್ತದೆ. ನೀವ್ ಕೇಳಿದ್ರೆ ಕಮ್ಮಿ ಆಗ್ತದಾ?”