ನೀರಿನ ಗಾಜಿನ ಮೇಲಿನ ಗೊಂಡೆ ಹಾರ

ಈ ಸಲದ ಆಯುಧ ಪೂಜೆಯ ದಿನ ನನ್ನ ಅಳಿಯ ಬೈಕಿಗೆ ಗೊಂಡೆ ಹೂವಿನ ಹಾರ ಕಟ್ಟಿ, ಬಂಟ್ವಾಳ ಪೇಟೆಗೆ ಒಂದು ಸುತ್ತು ಹೋಗಿ ಬಂದ. ಹಾರದ ತುದಿ ಜಾರಿ ಸೈಲೆನ್ಸರಿಗೆ ತಾಗಿತ್ತು. ಜಗಲಿಯಲ್ಲಿ ಕುಳಿತಿದ್ದ ನನ್ನ ಮೂಗಿಗೆ ಸುಟ್ಟ ಗೊಂಡೆಯ ವಾಸನೆ ಬಡಿಯಿತು. ಸ್ವಲ್ಪ ಕಹಿ, ಸ್ವಲ್ಪ ಹಸಿ ಸೊಪ್ಪು ಬೆಂದ ಹಾಗೆ...

"ಎಂಥ ಮಾವ, ಮುಖ ಹಾಗೆ ಮಾಡಿದ್ದು?" ಎಂದು ಅಳಿಯ ಕೇಳಿದ.

ಹೊಗೆ ಕಣ್ಣಿಗೆ ಹೋಯಿತು ಎಂದೆ. ಸುಳ್ಳು ನನ್ನ ಬಾಯಿಗೆ ಮೊದಲಿನಿಂದಲೂ ಬೇಗ ಬರುತ್ತದೆ.

ಆ ವಾಸನೆಯನ್ನು ನಾನು ಹದಿನೆಂಟು ವರ್ಷಗಳ ಹಿಂದೆ ತೋಡಾರಿನಲ್ಲಿ, ಅಲ್ಲಿಯ ಧಣಿಗಳ ರೈಲು ಇಂಜಿನಿನ ಮೇಲೆ ನಿಂತುಕೊಂಡು ಮೂಸಿದ್ದೆ. ಧಣಿಗಳು ಈಗ ಇಲ್ಲ. ಅವರಿಗೆ ಹೇಳಬೇಕಾಗಿದ್ದ ಒಂದು ಮಾತು ನನ್ನಲ್ಲಿಯೇ ಉಳಿದುಹೋಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಮುಂಬಯಿಯಲ್ಲಿ ಹೋಟೆಲು ನಡೆಸಿ ದೊಡ್ಡವರಾದವರು. ಪ್ರಾಯದ ಕಾಲದಲ್ಲಿ ಅಲ್ಲಿಯ ಒಂದು ರೈಲ್ವೆ ಶೆಡ್ಡಿನ ಗೇಟಿನ ಹೊರಗೆ ಚಹಾ ಮಾರುತ್ತಿದ್ದರಂತೆ. ಮಳೆಗಾಲದಲ್ಲಿ ಒಲೆ ಹತ್ತದ ದಿನ ಇಂಜಿನಿನವರು ಕೆಂಡವಾದ ಕಲ್ಲಿದ್ದಲನ್ನು ಸಲಿಕೆಯಲ್ಲಿಯೇ ತಂದು ಅವರ ಒಲೆಗೆ ಸುರಿದು ಹೋಗುತ್ತಿದ್ದರಂತೆ. "ಆ ಕೆಂಡದಲ್ಲಿ ಬೆಂದದ್ದು ಚಹಾ ಅಲ್ಲ, ನನ್ನ ಅನ್ನ" ಎಂದು ಅವರು ಹೇಳುತ್ತಿದ್ದುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹಬೆಯ ಇಂಜಿನುಗಳು ಒಂದೊಂದಾಗಿ ಗುಜರಿಗೆ ಹೋಗುವುದನ್ನು ಅವರಿಂದ ನೋಡಲಾಗಲಿಲ್ಲ. ಎಲ್ಲೆಲ್ಲೋ ಹಳೆಯ ಇಂಜಿನು ಉಳಿಸಿಕೊಳ್ಳಲು ಒದ್ದಾಡುವವರು ಕಾಗದ ಬರೆದರೆ ಇಲ್ಲ ಎನ್ನದೆ ಕೊಟ್ಟರು. ಕೊನೆಗೆ ಉತ್ತರದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ಎಳೆಯುತ್ತಿದ್ದ ಒಂದು ಸಣ್ಣ ಇಂಜಿನನ್ನು ಗುಜರಿಯವರ ಕೈಯಿಂದ ಬಿಡಿಸಿ, ಲಾರಿಯ ಮೇಲೆ ಘಾಟಿ ಇಳಿಸಿ ತೋಡಾರಿನ ಮನೆಗೇ ತಂದರು. ಗೇಟಿನಿಂದ ದನದ ಹಟ್ಟಿಯವರೆಗೆ ಹಳಿ ಹಾಕಿಸಿದರು.

ಊರಿನವರು ನಗದೆ ಇರುತ್ತಾರೆಯೇ? "ಧಣಿಗಳೇ, ನಿಮ್ಮ ರೈಲಿಗೆ ಟಿಕೆಟು ಎಲ್ಲಿವರೆಗೆ ಉಂಟು?" ಎಂದು ಅಂಗಡಿಯಲ್ಲಿ ಕೇಳಿದವನಿಗೆ ಅವರು, "ಗೇಟಿನಿಂದ ಹಟ್ಟಿಗೆ ಮಾರಾಯ. ನಿನಗಾದ್ರೆ ಹಟ್ಟಿಯಲ್ಲೇ ಇಳೀಲಿಕ್ಕೆ ಉಂಟು" ಎಂದರಂತೆ.

ಅವರು ನನ್ನನ್ನು ಹುಡುಕಿಕೊಂಡು ಬಂಟ್ವಾಳದ ನಮ್ಮ ಮನೆಗೆ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಕೈ ಮುಗಿದು, "ಘಾಟಿಯಲ್ಲಿ ಇಂಜಿನು ಓಡಿಸಿದವರು ನೀವೇ ಅಲ್ವಾ ಡ್ರೈವರ್ರೇ?" ಎಂದರು.

ನಾನು ಡ್ರೈವರ್ ಆಗಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ರೈಲ್ವೆಗೆ ಸೇರಿದವನು. ಸಕಲೇಶಪುರದ ಘಾಟಿಯಲ್ಲಿ ಹಬೆ ಇಂಜಿನಿಗೆ ಕಲ್ಲಿದ್ದಲು ಹಾಕುತ್ತಿದ್ದ ಫಯರ್‌ಮ್ಯಾನ್. ಡೀಸೆಲ್ ಬಂದ ಮೇಲೆ ಸಹಾಯಕನಾಗಿಯೇ ನಿವೃತ್ತನಾದೆ. ಆದರೆ ಅಷ್ಟು ದೊಡ್ಡ ಮನುಷ್ಯರು ನನ್ನ ಅಂಗಳದಲ್ಲಿ ನಿಂತು ಡ್ರೈವರ್ರೇ ಎಂದು ಕರೆದಾಗ ಅಲ್ಲ ಎನ್ನಲು ಬಾಯಿ ಬರಲಿಲ್ಲ. ಹೆಂಡತಿ ಬಾಗಿಲ ಹಿಂದಿನಿಂದ ನನ್ನನ್ನು ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ.

ಒಂದು ವರ್ಷ ಅವರ ಜೊತೆ ಕೆಲಸ ಮಾಡಿದೆ. ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಮೂಡುಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸು ತೋಡಾರಿಗೆ. ಕೊಳವೆಗಳನ್ನು ಬದಲಾಯಿಸಿದೆವು. ಬಾಯ್ಲರಿನ ಪರೀಕ್ಷೆ ಮಾಡುವವರು ಬಂದು ನೋಡಿ ಸರಿ ಉಂಟು ಎಂದು ಬರೆದುಕೊಟ್ಟರು. ಧಣಿಗಳು ಮಡಚಿ ಕಟ್ಟಿದ ಬಿಳಿ ಪಂಚೆಯಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತು ಎಣ್ಣೆ ಒರೆಸುತ್ತಿದ್ದರು. "ಏನೂ ಬೇಡ ಡ್ರೈವರ್ರೇ, ಒಮ್ಮೆ ಕೂಗಿದರೆ ಸಾಕು. ಆ ಕೂಗು ಕೇಳದೆ ಎಷ್ಟು ಕಾಲ ಆಯ್ತು..." ಎನ್ನುತ್ತಿದ್ದರು. ಆಯುಧ ಪೂಜೆಯ ದಿನ ಮೊದಲ ಬೆಂಕಿ ಹಾಕುವುದೆಂದೂ, ಪೂಜೆ ಮುಗಿದ ಮೇಲೆ ಅವರೇ ಸೀಟಿಯ ಸರಿಗೆ ಎಳೆದು ಕೂಗಿಸುವುದೆಂದೂ ತೀರ್ಮಾನವಾಯಿತು. ನಂತರ ಶಾಲೆಯ ಮಕ್ಕಳನ್ನು ಕೂರಿಸಿ ಹಟ್ಟಿಯವರೆಗೆ ಹೋಗುವುದು.

ಇಲ್ಲಿ ಒಂದು ವಿಷಯ ಹೇಳಬೇಕು. ಫಯರ್‌ಮ್ಯಾನಿನ ಕೆಲಸವೆಂದರೆ ಬರೀ ಬೆಂಕಿಯಲ್ಲ, ನೀರು ನೋಡುವುದು. ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ತೋರಿಸಲು ಎದುರಿನಲ್ಲಿ ಒಂದು ಗಾಜಿನ ನಳಿಗೆ ಇರುತ್ತದೆ. ನೀರು ಇಳಿದರೆ ಒಲೆಯ ಮೇಲಿನ ತಗಡು ಕೆಂಪಗೆ ಕಾದು ಬಾಯ್ಲರ್ ಸಿಡಿಯಬಹುದು. ಹಾಗಾಗದಿರಲೆಂದು ಆ ತಗಡಿನಲ್ಲಿ ಸೀಸದ ಒಂದು ಬಿರಡೆ ಇಟ್ಟಿರುತ್ತಾರೆ. ನೀರು ಕಡಿಮೆಯಾದರೆ ಸೀಸ ಕರಗಿ, ಹಬೆ ಒಲೆಯೊಳಗೆ ನುಗ್ಗಿ ಬೆಂಕಿ ಆರಿಸುತ್ತದೆ. ಜೀವ ಉಳಿಯುತ್ತದೆ, ಮಾನ ಹೋಗುತ್ತದೆ. ಸೀಸ ಕರಗಿಸಿದ ಫಯರ್‌ಮ್ಯಾನ್ ಎಂದರೆ ನಮ್ಮವರಲ್ಲಿ ಅವನ ಜೊತೆ ಕುಳಿತು ಚಹಾ ಕುಡಿಯಲೂ ಹಿಂಜರಿಯುತ್ತಿದ್ದರು. ನನ್ನ ಇಡೀ ಸರ್ವಿಸಿನಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಧಣಿಗಳು ಗೊಂಡೆಯ ದಪ್ಪ ಹಾರ ಹಿಡಿದು ಇಂಜಿನು ಹತ್ತಿದರು. ಒತ್ತಡ ತೋರಿಸುವ ದುಂಡು ಗಡಿಯಾರ, ಅದರ ಕೆಳಗೆ ಉದ್ದನೆಯ ನೀರಿನ ಗಾಜು. "ಇದಲ್ವಾ ಇದರ ಮುಖ? ಇದು ಕಣ್ಣು, ಇದು ಮೂಗು" ಎಂದು ನಗುತ್ತಾ ಹಾರವನ್ನು ಗಾಜಿನ ಮೇಲೆಯೇ ಇಳಿಬಿಟ್ಟರು. ಅಲ್ಲಿ ಬೇಡ ಎನ್ನಬೇಕಾಗಿತ್ತು. ಅವರ ಮುಖ ನೋಡಿ ಹೇಳಲಿಲ್ಲ. ಪೂಜೆಗೆ ಏರಿಸಿದ ಹೂವನ್ನು ಅದೇ ದಿನ ತೆಗೆಯುವ ಕ್ರಮವೂ ನಮ್ಮಲ್ಲಿ ಇಲ್ಲ. ಹಾಗಾಗಿ ನಾನು ಬೆರಳಿನಿಂದ ಹೂ ಸರಿಸಿ ಸರಿಸಿ ನೀರು ನೋಡುತ್ತಿದ್ದೆ.

ಸ್ವಲ್ಪ ಹೊತ್ತು ನೋಡಿದೆ... ಮತ್ತೆ ಜನ ಸೇರಿದರು. ಯಾರೋ ಘಾಟಿಯ ಸುರಂಗಗಳ ಬಗ್ಗೆ ಕೇಳಿದರು. ನಾನು ಕಂಬಿ ಹಿಡಿದು ಹೊರಗೆ ಬಾಗಿ ಕಥೆ ಹೇಳತೊಡಗಿದೆ. ಮಳೆಯಲ್ಲಿ ಚಕ್ರ ಜಾರಿದ್ದು, ಆನೆ ಅಡ್ಡ ಬಂದದ್ದು. ಎಲ್ಲ ಕಥೆಯಲ್ಲಿಯೂ ಇಂಜಿನು ಓಡಿಸಿದವನು ನಾನೇ. ನೀರು ಒಳಗೆ ತಳ್ಳುವ ಇಂಜೆಕ್ಟರನ್ನು ತೆರೆದಿದ್ದೆ. ಅದು ನೀರು ಹಿಡಿಯಿತೋ ಇಲ್ಲವೋ ಎಂದು ಬಗ್ಗಿ ನೋಡಲಿಲ್ಲ. ಡ್ರೈವರ್ ಕಥೆ ಹೇಳುತ್ತಿದ್ದ. ನೀರು ನೋಡಬೇಕಾದ ಫಯರ್‌ಮ್ಯಾನ್ ಅಲ್ಲಿ ಇರಲೇ ಇಲ್ಲ.

ಭಟ್ಟರು ಮಂಗಳಾರತಿಗೆ ಕರ್ಪೂರ ಹಚ್ಚುವಾಗ ಒಲೆಯೊಳಗಿನಿಂದ ಬುಸ್ ಎಂಬ ಸದ್ದು ಬಂತು. ಒಲೆಯ ಬಾಗಿಲ ಸಂದಿನಿಂದ ಬೂದಿ, ಹಬೆ ಒಟ್ಟಿಗೆ ನುಗ್ಗಿದವು. ನಾನು ಹಾರಿ ಕೆಳಗೆ ಬಿದ್ದೆ. ಜನ ಚೆಲ್ಲಾಪಿಲ್ಲಿಯಾದರು. ಎಲ್ಲ ತಣ್ಣಗಾದ ಮೇಲೆ ಹತ್ತಿ ನೋಡಿದರೆ ಹಾರದ ಅರ್ಧ ಬೆಂದು ಕಪ್ಪಾಗಿತ್ತು. ಅದೇ ವಾಸನೆ...

ಮುಖವೆಲ್ಲ ಮಸಿಯಾದ ಧಣಿಗಳು ಮೊದಲು ಕೇಳಿದ್ದು, "ನಿಮಗೆ ಏನೂ ಆಗ್ಲಿಲ್ಲ ಅಲ್ವಾ ಡ್ರೈವರ್ರೇ?"

ಆ ಮಾತಿನ ಎದುರು ನಿಜ ಹೇಳಲು ಎಷ್ಟು ಹೊತ್ತು ಬೇಕಾಗಿತ್ತು? ಸೀಸ ಕರಗಿದೆ, ತಪ್ಪು ನನ್ನದು, ತಗಡು ನೋಡಿ ಹೊಸ ಬಿರಡೆ ಹಾಕಿದರೆ ಮತ್ತೆ ಬೆಂಕಿ ಹಾಕಬಹುದು. ಅಷ್ಟೇ. ಮರುದಿನ ನಾನೇ ಒಲೆಯೊಳಗೆ ತೆವಳಿ ಹೋಗಿ ನೋಡಿದ್ದೆ, ತಗಡು ಬಾಗಿರಲಿಲ್ಲ. ಆದರೂ ಹೊರಗೆ ಬಂದು, "ಬಾಯ್ಲರ್ ಹೋಯ್ತು ಧಣಿಗಳೇ. ಪ್ರಾಯ ಆಗಿದೆ. ಇನ್ನು ಬೆಂಕಿ ಹಾಕ್ಲಿಕ್ಕಿಲ್ಲ" ಎಂದೆ.

"ಪರೀಕ್ಷೆ ಮಾಡಿದವರು ಸರಿ ಉಂಟು ಅಂದಿದ್ರಲ್ಲ?"

"ಹೊರಗಿನವರಿಗೆ ಒಳಗಿನದ್ದು ಗೊತ್ತಾಗುದಿಲ್ಲ."

ಅವರು ಬೇರೆ ಯಾರನ್ನಾದರೂ ಕರೆಸಬಹುದಿತ್ತು. ಹಾಗೆ ಕರೆಸಿಯಾರು ಎಂದು ಹೆದರಿ ನಾನು ವಾರಗಟ್ಟಲೆ ನಿದ್ರೆ ಮಾಡಲಿಲ್ಲ. ಅವರು ಕರೆಸಲಿಲ್ಲ. "ನೀವು ಹೇಳಿದ ಮೇಲೆ ಮುಗೀತು" ಎಂದರು. ಇಂಜಿನಿಗೆ ಹೆಂಚಿನ ಮಾಡು ಕಟ್ಟಿಸಿ, ಬಣ್ಣ ಬಳಿಸಿ, ಹದಿನೈದು ದಿನಕ್ಕೊಮ್ಮೆ ಎಣ್ಣೆ ಹಾಕಲು ನನ್ನನ್ನೇ ಬರಹೇಳಿದರು. ನಾನು ಹೋಗುತ್ತಿದ್ದೆ. ಹೊರಗಿನದ್ದಕ್ಕೆಲ್ಲ ಎಣ್ಣೆ ಹಾಕಿದೆ. ಅವರು ಮೇಲೆ ಹತ್ತಿ ಕುಳಿತು, ಸರಿಗೆಯ ಮೇಲೆ ಕೈ ಇಟ್ಟುಕೊಂಡು, ನನಗೆ ಗೋಳಿಬಜೆ ತರಿಸಿ ತಿನ್ನಿಸುತ್ತಿದ್ದರು. ಹಾಗೆ ಏಳು ವರ್ಷ...

ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಈ ಸಲ ಹೇಳಿಯೇ ಬಿಡುವುದೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅವರು ನನ್ನ ಕೈ ಹಿಡಿದು, ಮಗಳು ಒಳಗೆ ಹೋಗುವವರೆಗೆ ಕಾದು, ಸಣ್ಣ ದನಿಯಲ್ಲಿ ಕೇಳಿದರು: "ಡ್ರೈವರ್ರೇ, ಆ ಹಾರ ನಾನು ಅಲ್ಲಿ ಹಾಕಬಾರದಿತ್ತು, ಅಲ್ವಾ? ಅದರಿಂದಲೇ ಹಾಗಾದ್ದು ಅಲ್ವಾ? ನನಗೆ ಬೇಜಾರಾಗ್ತದೆಂದು ನೀವು ಹೇಳ್ಲಿಲ್ಲ."

ಏಳು ವರ್ಷ ಆ ಮನುಷ್ಯ ನನ್ನ ತಪ್ಪನ್ನು ತಮ್ಮದೆಂದು ಹೊತ್ತುಕೊಂಡು, ನನ್ನನ್ನೇ ಒಳ್ಳೆಯವನೆಂದು ತಿಳಿದಿದ್ದರು. "ಹಾಗೆಂಥದ್ದೂ ಇಲ್ಲ ಧಣಿಗಳೇ" ಎಂದೆ. ಅವರು ನಕ್ಕರು. ನಂಬಲಿಲ್ಲ, ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. ಬಸ್ಸಿನಲ್ಲಿ ಜೋಡಿಸಿದ್ದ ಮಾತನ್ನು ಆಗ ಹೇಳಬೇಕಾಗಿತ್ತು. ಅಷ್ಟರಲ್ಲಿ ಮಗಳು ಮಜ್ಜಿಗೆ ತಂದರು. ನಾನು ಮಜ್ಜಿಗೆ ಕುಡಿದು ಎದ್ದು ಬಂದೆ. ಅದೇ ಕೊನೆ.

ಈ ಸಲ ಆ ವಾಸನೆ ಬಂದ ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಮೂಡುಬಿದಿರೆಯಲ್ಲಿ ಒಂದು ಗೊಂಡೆ ಹಾರ ತೆಗೆದುಕೊಂಡೆ. ಧಣಿಗಳ ಮಗಳು ಮಾಡಿನ ಕೆಳಗೆ ಇಂಜಿನಿನ ಬಳಿಗೇ ಕರೆದುಕೊಂಡು ಹೋದರು. ಅಲ್ಲಿಯೇ ನಿಂತು ಎಲ್ಲವನ್ನೂ ಹೇಳಿದೆ. ನಾನು ಡ್ರೈವರ್ ಅಲ್ಲ ಎನ್ನುವುದರಿಂದ ಶುರು ಮಾಡಿದೆ.

ಅವರು ಇಂಜಿನಿನ ಮೈಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ನಂತರ, "ಒಂದು ಮಾತು ಹೇಳ್ಲಿಕ್ಕೆ ನಿಮಗೆ ಏನಾಗಿತ್ತು ಮಾಮ?" ಎಂದರು. "ಆ ವರ್ಷದಿಂದ ಅಪ್ಪ ಈ ಮನೆಯಲ್ಲಿ ಯಾವ ಗಾಡಿಗೂ ಹೂ ಹಾಕ್ಲಿಕ್ಕೆ ಬಿಡ್ಲಿಲ್ಲ. ತನ್ನ ಕೈ ಒಳ್ಳೇದಲ್ಲ ಅಂತ ಹೇಳ್ತಿದ್ರು. ಈಗಲೂ ನಾವು ಹಾಕುದಿಲ್ಲ."

ನಾನು ಹಾರದ ಚೀಲವನ್ನು ಹಿಂದಕ್ಕೆ ಸರಿಸಿಕೊಂಡೆ.

"ಈಗ ಆ ಬಿರಡೆ ಹಾಕಿದ್ರೆ ಇದು ಕೂಗ್ತದಾ?"

ಸುತ್ತಿಗೆ ಕೇಳಿ ಬಾಯ್ಲರಿನ ಹೊಟ್ಟೆಗೆ ಮೆಲ್ಲನೆ ಬಡಿದೆ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ನುಡಿಯುತ್ತದೆ. ಇದು ಒದ್ದೆ ಹಲಗೆಯ ಹಾಗೆ ಶಬ್ದ ಮಾಡಿತು. ಎರಡನೆಯ ಪೆಟ್ಟಿಗೆ ಬಣ್ಣದ ಹಿಂದಿನಿಂದ ತುಕ್ಕು ಉದುರಿತು. ಹದಿನೆಂಟು ಮಳೆಗಾಲ ಒಳಗಿನಿಂದ ತಿಂದಿತ್ತು.

"ಇಲ್ಲ ಅಮ್ಮ. ಈಗ ನಿಜವಾಗಿ ಹೋಗಿದೆ" ಎಂದೆ.

ಅವರು ನನ್ನ ಚೀಲದಿಂದ ಹೊರಗೆ ಇಣುಕುತ್ತಿದ್ದ ಹಾರವನ್ನು ನೋಡಿದರು. "ತಂದಿದ್ದೀರಲ್ಲ, ಹಾಕಿ" ಎಂದರು. ಸಿಟ್ಟಿತ್ತೋ ಇಲ್ಲವೋ, ಆ ದನಿಯಿಂದ ನನಗೆ ತಿಳಿಯಲಿಲ್ಲ.

ಮೊಣಕಾಲು ಬಗ್ಗದ ಕಾರಣ ಅವರೇ ನನ್ನ ರಟ್ಟೆ ಹಿಡಿದು ಮೇಲೆ ಹತ್ತಿಸಿದರು. ಧಣಿಗಳು ಹಾಕಿದ್ದ ಜಾಗದಲ್ಲಿಯೇ, ನೀರಿನ ಗಾಜಿನ ಮೇಲೆ ಹಾರ ಇಳಿಬಿಟ್ಟೆ. ಅಭ್ಯಾಸಬಲದಿಂದ ಬೆರಳಿನಲ್ಲಿ ಹೂ ಸರಿಸಿ ನೋಡಿದೆ.

ಗಾಜು ಒಣಗಿ, ಒಳಗೆ ಜೇಡ ಬಲೆ ಕಟ್ಟಿತ್ತು.